ಮೌಲಾಸಾಬ ಐತ್ವಾರ ಹೇಳಿದ ಮಾತು

ಕೋವಿಡ್‌ನ ಗದ್ದಲ ಅಡಗಿ ಎರಡನೆಯ ವರ್ಷ ನಡೆದಿತ್ತು. ಧಾರವಾಡದ ಒಂದು ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನಾನು ಆಗ ಕ್ಷೇತ್ರಕಾರ್ಯದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡ ಕುರ್ಚಿ ಏನಲ್ಲ. ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗುವವರಿಗೆ ತರಬೇತಿ ಕೊಡುವುದು, ಅವರು ತಂದ ಉತ್ತರಗಳನ್ನು ಜರಡಿ ಹಿಡಿಯುವುದು, ಬಾಡಿಗೆ ಕಾರಿನ ಚಾಲಕನೊಡನೆ ಜಗಳಾಡುವುದು, ಇವಿಷ್ಟು ನನ್ನ ಕೆಲಸ. ಮೂರನೆಯದರಲ್ಲಿ ನನಗೆ ವಿಶೇಷ ಪರಿಣತಿ ಇದೆಯೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ವರ್ಷ ಬೆಂಗಳೂರಿನ ಒಂದು ದತ್ತಿ ಸಂಸ್ಥೆ ನಮಗೊಂದು ಕೆಲಸ ಒಪ್ಪಿಸಿತು. ಹಳ್ಳಿಯ ಹೆಣ್ಣುಮಕ್ಕಳಿಗೆ ಪಶು ಆರೋಗ್ಯದ ತರಬೇತಿ ಕೊಡುವ ಕೇಂದ್ರವೊಂದನ್ನು ಧಾರವಾಡ ಜಿಲ್ಲೆಯಲ್ಲಿ ತೆರೆಯುವುದು ಅವರ ಯೋಜನೆ. ದನಗಳಿಗೆ ಲಸಿಕೆ ಹಾಕುವುದು, ಗಾಯಕ್ಕೆ ಔಷಧ ಕಟ್ಟುವುದು, ಈಯುವ ಎಮ್ಮೆಯನ್ನು ನೋಡಿಕೊಳ್ಳುವುದು, ರೋಗ ಕಂಡರೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವುದು, ಇದನ್ನೆಲ್ಲ ಕಲಿತ ಹುಡುಗಿ ಸ್ಕೂಟರ್ ಹತ್ತಿ ಸುತ್ತಲಿನ ಊರುಗಳಿಗೆ ಒಬ್ಬಳೇ ಹೋಗಬೇಕು. ಕೇಂದ್ರ ಯಾವ ಊರಿಗೆ ಬರುತ್ತದೋ ಆ ಊರಿನ ಹುಡುಗಿಯರು ಮನೆಯಲ್ಲಿದ್ದುಕೊಂಡೇ ಕಲಿಯಬಹುದು. ಒಂದು ಕಟ್ಟಡ ಹುಡುಕಿಕೊಟ್ಟರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆದರೆ ಯೋಜನೆಯ ನಿರ್ದೇಶಕರು ಅಷ್ಟಕ್ಕೆ ಬಿಡುವವರಲ್ಲ. ಹಿಂದೆ ಬೇರೊಂದು ಕಡೆ ತೆರೆದ ಕೇಂದ್ರಕ್ಕೆ ಮನೆಯವರು ಹುಡುಗಿಯರನ್ನೇ ಕಳಿಸದೆ ಬಾಗಿಲು ಮುಚ್ಚಬೇಕಾಗಿ ಬಂದಿತ್ತಂತೆ. ಆದ್ದರಿಂದ ಈ ಸಲ ಮೊದಲು ಊರಿನ ಮೌಲ್ಯಗಳನ್ನು ಅಳೆಯೋಣ, ಆಮೇಲೆ ಇಟ್ಟಿಗೆ ಇಡೋಣ ಎಂದರು. ಕಲಘಟಗಿ ಕಡೆ ದೇವಿಕೊಪ್ಪದ ಹತ್ತಿರ ಒಂದು ಊರು, ಕುಂದಗೋಳದ ಕಡೆ ಒಂದು, ನವಲಗುಂದ ತಾಲ್ಲೂಕಿನಲ್ಲಿ ತಿರ್ಲಾಪುರದ ಆಚೆಗೆ ಒಂದು, ಹೀಗೆ ಮೂರು ಊರುಗಳನ್ನು ಆರಿಸಿದರು. ನಾನು ಹೇಳುತ್ತಿರುವುದು ಈ ಕೊನೆಯ ಊರಿನ ಕಥೆ. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಅದು ನಮ್ಮ ವೃತ್ತಿಯ ಕಟ್ಟುಪಾಡು.

ಮೌಲ್ಯವೇನು ಹತ್ತಿಯೇ, ಕಡಲೆಯೇ, ಅಳೆಯುವುದಕ್ಕೆ ಎಂದು ಹೊರಗಿನವರು ನಗುತ್ತಾರೆ. ಹೊಸಬರಿಗೆ ನಾನು ಚಹಾದ ಉದಾಹರಣೆ ಕೊಡುತ್ತಿದ್ದೆ. ನನಗೆ ಚಹಾ ಬೇಕು ಎನ್ನುವುದು ಬಯಕೆ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಬಾರದು ಎನ್ನುವುದು ರೂಢಿ. ಬಂದವರು ಯಾರೇ ಇರಲಿ, ನಮ್ಮ ಮನೆಯಲ್ಲಿ ಅವರ ಮಾನ ಉಳಿಯಬೇಕು ಎನ್ನುವುದು ಮೌಲ್ಯ. ಬಯಕೆ ಗಳಿಗೆಗೊಂದು, ರೂಢಿ ಊರಿಗೊಂದು. ಮೌಲ್ಯ ಹಾಗಲ್ಲ, ಅದು ಚಹಾದಲ್ಲೂ ಇರುತ್ತದೆ, ಮದುವೆಯಲ್ಲೂ ಇರುತ್ತದೆ, ಹೊಲದ ಬದುವಿನ ಜಗಳದಲ್ಲೂ ಇರುತ್ತದೆ. ಒಂದು ಸಮುದಾಯ ‘ಇದು ಬಯಸತಕ್ಕದ್ದು’ ಎಂದು ಒಪ್ಪಿಕೊಂಡದ್ದೇ ಮೌಲ್ಯ ಎನ್ನುತ್ತಾರೆ ಸಮಾಜಶಾಸ್ತ್ರದವರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಮೌಲ್ಯಗಳು ಮೇಲೆ ಕೆಳಗೆ ಸಾಲಾಗಿ ನಿಂತಿರುತ್ತವೆ, ಆ ಸಾಲನ್ನು ಕಂಡುಹಿಡಿಯಬೇಕು ಎನ್ನುತ್ತಾರೆ ಮನಃಶಾಸ್ತ್ರದವರು. ಅದಕ್ಕಾಗಿ ಏನನ್ನು ಬಿಡುತ್ತೀ ಹೇಳು, ಆಗ ನಂಬುತ್ತೇನೆ ಎನ್ನುತ್ತಾರೆ ಅರ್ಥಶಾಸ್ತ್ರದವರು. ನಾನು ಸಮಾಜಶಾಸ್ತ್ರ ಓದಿದವಳು. ಅರ್ಥಶಾಸ್ತ್ರದವರ ಮಾತಿಗೆ ತಲೆದೂಗಿದರೆ ನಮ್ಮ ವಿಭಾಗದಲ್ಲಿ ಆ ದಿನ ಯಾರೂ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚುತ್ತಿರಲಿಲ್ಲ.

ನಿರ್ದೇಶಕರು ಕಳಿಸಿದ್ದು ಮನಃಶಾಸ್ತ್ರದವರ ಸಾಧನ. ಅದರಲ್ಲಿ ನೇರ ಪ್ರಶ್ನೆ ಇರುವುದಿಲ್ಲ. ವ್ಯಕ್ತಿಯೊಬ್ಬಳ ಕಿರುಪರಿಚಯ ಓದುತ್ತಾರೆ. ‘ಒಬ್ಬ ಹುಡುಗಿ ಇದ್ದಾಳೆ. ತನ್ನ ಕೆಲಸವನ್ನು ತಾನೇ ನಿರ್ಧರಿಸುವುದು ಅವಳಿಗೆ ಇಷ್ಟ.’ ಅಥವಾ, ‘ಒಬ್ಬ ಹುಡುಗಿ ಇದ್ದಾಳೆ. ಹಿರಿಯರು ಹೇಳಿದಂತೆ ನಡೆಯುವುದು ಅವಳಿಗೆ ಮುಖ್ಯ.’ ಆಮೇಲೆ, ಈಕೆ ನಿಮ್ಮನ್ನು ಎಷ್ಟು ಹೋಲುತ್ತಾಳೆ ಎಂದು ಹುಡುಗಿಯನ್ನು, ನಿಮ್ಮ ಮಗಳನ್ನು ಎಷ್ಟು ಹೋಲುತ್ತಾಳೆ ಎಂದು ತಂದೆ ತಾಯಿಯನ್ನು, ಬಾಜು ಮನೆಯ ಹುಡುಗಿಯನ್ನು ಎಷ್ಟು ಹೋಲುತ್ತಾಳೆ ಎಂದು ನೆರೆಯವರನ್ನು ಕೇಳುತ್ತಾರೆ. ಮೂರು ಕಡೆಯ ಉತ್ತರ ಕೂಡಿಸಿದರೆ ಸತ್ಯಕ್ಕೆ ಹತ್ತಿರವಾಗುತ್ತದೆ ಎಂದು ತರ್ಕ. ಒಂದು ಕಟ್ಟುನಿಟ್ಟಿನ ಷರತ್ತೂ ಇತ್ತು: ತರಬೇತಿ ಕೇಂದ್ರದ ಸುದ್ದಿಯನ್ನು ಊರಿನವರಿಗೆ ಹೇಳಕೂಡದು. ಹೇಳಿದರೆ ಅದನ್ನು ಪಡೆಯಲಿಕ್ಕೆಂದೇ ಉತ್ತರ ಕೊಡುತ್ತಾರೆ.

ನವಲಗುಂದ ಕಡೆಗೆ ನಾನು ಕಳಿಸಿದ್ದು ಸವಿತಾ ಮತ್ತು ಬಸವರಾಜ ಎಂಬ ನನ್ನ ಇಬ್ಬರು ಒಳ್ಳೆಯ ಸಂದರ್ಶಕರನ್ನು. ಹಳ್ಳಿಯಲ್ಲಿ ಗೌರವ ಸಿಗಲಿ ಎಂದು ಸವಿತಾ ಇಳಕಲ್ ಸೀರೆ ಉಟ್ಟಿದ್ದಳು, ಬಸವರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬಿಳಿ ಬಾಡಿಗೆ ಕಾರಿನಲ್ಲಿ ಹೋಗಿ, ಮನೆಮನೆಯಲ್ಲಿ ಕೂತು, ಹೊಲ ಎಷ್ಟಿದೆ, ಮಕ್ಕಳೆಷ್ಟು, ಹುಡುಗಿ ಎಲ್ಲಿಯವರೆಗೆ ಓದಿದ್ದಾಳೆ, ಆರೋಗ್ಯ ಹೇಗಿದೆ ಎಂದು ಮೊದಲ ಭಾಗ ತುಂಬಿಸಿ, ನಂತರ ಕಿರುಪರಿಚಯಗಳನ್ನು ಓದಿ, ತಂದೆ ತಾಯಿ ಮುಗಿದ ಮೇಲೆ ನೆರೆಮನೆಗೆ ಹೋಗಿ ಕೇಳಿ ಬಂದರು. ಜನರಿಗೆ ಹೊರೆಯಾಗಬಾರದು ಎಂದು ನಾನು ಕಲಿಸಿದ್ದಂತೆ, ಕೊಟ್ಟ ತಿಂಡಿಯನ್ನು ನಯವಾಗಿ ಬೇಡವೆಂದರು. ಎಲ್ಲವೂ ಪಾಠದ ಪ್ರಕಾರ ನಡೆದಿತ್ತು.

ಫಲಿತಾಂಶ ನೋಡಿ ನಿರ್ದೇಶಕರು ಫೋನ್ ಮಾಡಿದರು. ಅವರದು ಸಮಾಧಾನದ ದನಿ. “ಮೇಡಂ, ನವಲಗುಂದದ ಊರನ್ನ ಕೈಬಿಡೋಣ. ವಿಧೇಯತೆ, ಸಂಪ್ರದಾಯ ಎರಡೂ ಮುಗಿಲು ಮುಟ್ಟಿವೆ. ಸ್ವನಿರ್ಧಾರ, ಹೊಸತನ ನೆಲ ಕಚ್ಚಿವೆ. ಒಬ್ಬ ಹುಡುಗಿಯೂ ಹೊಸ್ತಿಲು ದಾಟಲ್ಲ ಅಂತಾರೆ. ಇಂಥ ಕಡೆ ಸ್ಕೂಟರ್ ಕೊಟ್ಟು ಏನು ಮಾಡೋದು?” ಮುಂದಿನ ತಿಂಗಳು ಆಡಳಿತ ಮಂಡಳಿ ಸಭೆ ಸೇರಿದಾಗ ಕುಂದಗೋಳದ ಊರಿಗೇ ಕೇಂದ್ರ ಮಂಜೂರು ಮಾಡಿಸುವುದು ಅವರ ವಿಚಾರ.

ನಾನು ಉತ್ತರಗಳನ್ನು ಮತ್ತೆ ತಿರುವಿ ಹಾಕಿದೆ. ನನಗೆ ಕಸಿವಿಸಿಯಾದದ್ದು ಒಂದೇ ಕಾರಣಕ್ಕೆ. ಯಾವ ಊರಿನಲ್ಲೂ ತಾಯಿ ಮತ್ತು ಮಗಳು ಇಷ್ಟು ಒಂದೇ ಬಾಯಿಂದ ಮಾತಾಡುವುದಿಲ್ಲ. ನೆರೆಮನೆಯವಳಂತೂ ಸಾಧ್ಯವೇ ಇಲ್ಲ. ನಾನೂ ಇದೇ ಜಿಲ್ಲೆಯವಳು. ಬಾಜು ಮನೆಯ ಹುಡುಗಿಯ ಬಗ್ಗೆ ಒಂದೇ ಒಂದು ಕೊಂಕು ಇಲ್ಲದೆ ಹೊಗಳುವ ಹೆಂಗಸನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ನಮ್ಮಲ್ಲಿ ಬ್ಯಾಕ್ ಚೆಕ್ ಎಂದು ಒಂದು ಕ್ರಮ ಇದೆ. ಮೇಲ್ವಿಚಾರಕರು ಕೆಲವು ಮನೆಗಳಿಗೆ ತಾವೇ ಹೋಗಿ ಕೆಲವು ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ ತಾಳೆ ನೋಡುವುದು. ಮರುದಿನವೇ ಕಾರು ಹತ್ತಿದೆ.

ಮೊದಲು ಹೋದದ್ದು ಶಾಂತವ್ವ ಎಂಬವರ ಮನೆಗೆ. ಹಣೆತುಂಬ ವಿಭೂತಿ, ದೊಡ್ಡ ದನಿ, ಕೊಟ್ಟಿಗೆ ತುಂಬ ಎಮ್ಮೆ, ಮದುವೆಯ ವಯಸ್ಸಿನ ಒಬ್ಬ ಮಗಳು. ಬಾಜು ಮನೆಯ ಮೌಲಾಸಾಬನ ಮಗಳು ಶಬಾನಾಳ ಬಗ್ಗೆ ನೆರೆಯವರಾಗಿ ಉತ್ತರ ಕೊಟ್ಟವರೂ ಇವರೇ. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು. ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತು, ಸೆರಗು ಸರಿಮಾಡಿಕೊಂಡು ಕೇಳಿದರು.

“ಹುಡುಗ ಏನ್ ಮಾಡ್ತಾನ್ರಿ?”

“ಯಾವ ಹುಡುಗ?”

“ಅದ, ನಿಮ್ಮ ಹುಡುಗ. ಮೊದಲ ಸಣ್ಣವರು ಇಬ್ಬರು ಬಂದು ನೋಡಿಕೊಂಡು ಹೋದ್ರು. ಈಗ ದೊಡ್ಡವರು ನೀವ ಬಂದೀರಿ. ಒಪ್ಪಿಗಿ ಆದಂಗ ಆತಲ್ರಿ?”

ನಾವು ಸಮೀಕ್ಷೆಯವರು ಎಂದೆ. ಅವರು ನಕ್ಕುಬಿಟ್ಟರು. “ಅವರೂ ಹಂಗ ಅಂದ್ರು ಬಿಡ್ರಿ. ನಮ್ಮ ತಂಗಿ ಮಗಳನ್ನ ನೋಡಾಕ ಬಂದವರು ಎತ್ತು ಕೊಳ್ಳಾಕ ಬಂದೀವಿ ಅಂದಿದ್ರು. ಹೊಲಾ ಎಷ್ಟ ಐತಿ ಅಂತ ಕೇಳಿದ್ರು, ಹುಡುಗಿ ಎಷ್ಟ ಕಲ್ತಾಳ ಅಂತ ಕೇಳಿದ್ರು, ಜಡ್ಡು ಜಾಪತ್ರಿ ಏನರ ಅದಾವೇನು ಅಂತ ಕೇಳಿದ್ರು. ಹಿರ್ಯಾರ ಮಾತು ಕೇಳ್ತಾಳೇನು, ತನ್ನದ ನಡಸ್ತಾಳೇನು ಅಂತ ಬಾಜೂ ಮನಿಗೆ ಬಂದು ಕೇಳಿದ್ರು. ಅವಲಕ್ಕಿ ಕೊಟ್ರ ಮುಟ್ಟಲಿಲ್ಲ. ಹೆಣ್ಣ ನೋಡಾಕ ಬಂದವರಲ್ಲದ ಮತ್ಯಾರ್ರಿ ಅವರು?”

ನಮ್ಮ ಕಡೆ ಹೆಣ್ಣು ಕೊಡು-ತರುವ ಮಾತಿಗೆ ಮೊದಲು ವಿಚಾರಣೆ ಎಂಬುದೊಂದು ನಡೆಯುತ್ತದೆ. ಗಂಡಿನ ಕಡೆಯ ಇಬ್ಬರು, ಸಾಮಾನ್ಯವಾಗಿ ಒಬ್ಬ ಗಂಡಸು ಒಬ್ಬ ಹೆಂಗಸು, ಬೇರೆ ಏನೋ ನೆಪ ಹೇಳಿಕೊಂಡು ಊರಿಗೆ ಬರುತ್ತಾರೆ. ಮನೆತನ ನೋಡುತ್ತಾರೆ, ನೆರೆಯವರ ಹತ್ತಿರ ಹುಡುಗಿಯ ಗುಣ ಕೇಳುತ್ತಾರೆ, ಸಂಬಂಧ ಕುದುರುವ ತನಕ ಆ ಮನೆಯಲ್ಲಿ ಏನೂ ತಿನ್ನುವುದಿಲ್ಲ. ಪಂಡಿತರು ಎಲ್ಲೋ ಕೂತು ರೂಪಿಸಿದ ಸಾಧನ ಸಾಲುಸಾಲಾಗಿ ಈ ವಿಚಾರಣೆಯನ್ನೇ ಹೋಲುತ್ತಿತ್ತು. ಸುಳ್ಳು ನೆಪ ಸಹ ನಾವೇ ಒದಗಿಸಿದ್ದೆವು, ಯಾಕೆಂದರೆ ನಿಜವಾದ ಉದ್ದೇಶ ಹೇಳಕೂಡದೆಂದು ನಮಗೆ ಕಟ್ಟಪ್ಪಣೆ.

“ಅಲ್ರಿ ಶಾಂತವ್ವ, ನಿಮ್ಮ ಮನೆಗೂ ಬಂದರು, ಮೌಲಾಸಾಬರ ಮನೆಗೂ ಹೋದರು. ಎರಡೂ ಮನೆಗೆ ಒಂದೇ ಗಂಡು ಹೇಗಾಗುತ್ತದೆ?”

“ಅದೊಂದು ನಮಗೂ ತಿಳೀಲಿಲ್ಲ. ಏಜೆಂಟ್ರು ಇರಬೇಕು ಅಂದ್ವಿ. ಈಗ ಎಲ್ಲಾ ಜಾತಿಗೂ ನೋಡಿ ಕೊಡೋ ಏಜೆಂಟ್ರು ಅದಾರಂತಲ್ಲ.”

ನಾನು ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕೂತೆ. ಅಷ್ಟರಲ್ಲಿ ಅವರೇ ಮಾತಿನ ಓಘದಲ್ಲಿ ಇನ್ನೊಂದು ಸಂಗತಿ ಹೇಳಿದರು. ಹೊಲದ ಬದುವಿನ ಜಗಳದಿಂದಾಗಿ ಮೌಲಾಸಾಬನಿಗೂ ಅವರಿಗೂ ವರ್ಷಗಳಿಂದ ಮಾತಿಲ್ಲವಂತೆ. ಹಾಗಿದ್ದರೆ ಅವರ ಮಗಳನ್ನು ಅಷ್ಟು ಹೊಗಳಿದ್ದು ಯಾಕೆ ಎಂದು ಕೇಳಿದೆ. ಶಾಂತವ್ವ ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದರು.

“ಬದುವಿನ ಜಗಳಾ ನಂದು ಮೌಲಾಸಾಬಂದು. ಹುಡುಗಿ ಏನ್ ಮಾಡ್ಯಾಳ್ರಿ? ಊರ ಹುಡುಗಿ ಬಾಳೇವು ನನ್ನ ಬಾಯಿಂದ ಕೆಡಬೇಕೇನು?”

ಆ ಗಳಿಗೆಯಲ್ಲಿ ನನಗೆ ಎದ್ದು ಕುಣಿಯಬೇಕೆನಿಸಿತು. ಊರಿನ ಮನೆಮನೆಯೂ ಒಂದೇ ಉತ್ತರ ಕೊಟ್ಟದ್ದರ ಕಾರಣ ಈಗ ತಿಳಿಯಿತು. ಬಂದವರು ಯಾರಿಗಾಗಿ ಬಂದಿದ್ದಾರೋ ಗೊತ್ತಿಲ್ಲ, ಯಾವ ಹುಡುಗಿಗೆ ಸಂಬಂಧ ಕೂಡುತ್ತದೋ ಗೊತ್ತಿಲ್ಲ, ಆದರೆ ಊರಿನ ಯಾವ ಹುಡುಗಿಯ ಹೆಸರೂ ಕೆಡಬಾರದು ಎಂದು ಎಲ್ಲರೂ, ಜಗಳವಿದ್ದವರೂ ಸಹ, ಒಂದಾಗಿ ನಿಂತಿದ್ದರು. ನಮ್ಮ ಸಾಧನ ಅದನ್ನು ವಿಧೇಯತೆ ಎಂದು ಓದಿತ್ತು. ಅದು ವಿಧೇಯತೆಯಲ್ಲ, ಪರರ ಹಿತ ಕಾಯುವ ಮೌಲ್ಯ. ನಮ್ಮ ಪಟ್ಟಿಯಲ್ಲಿ ಅದಕ್ಕೂ ಒಂದು ಮನೆ ಇತ್ತು, ನಾವು ಬೇರೆ ಬಾಗಿಲು ಬಡಿದಿದ್ದೆವು ಅಷ್ಟೆ.

“ಈಗ ಖರೇ ಹೇಳಿ, ಶಬಾನಾ ಎಂಥ ಹುಡುಗಿ?”

ಶಾಂತವ್ವ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದರು. “ಆಕಿನ? ಗಂಡ ಹುಡುಗರ ಕಿವಿ ಹಿಂಡ್ತಾಳ. ನವಲಗುಂದದ ದನದ ದವಾಖಾನಿಗೆ ಒಬ್ಬಾಕಿನ ಗಾಡಿ ಹೊಡಕೊಂಡು ಹೋಗಿ ಔಷಧಾ ತರ್ತಾಳ. ಊರಾಗ ಯಾರ ಎಮ್ಮಿ ಮೇವು ಬಿಟ್ರೂ ಮೊದಲ ಆಕಿನ್ನ ಕರೀತಾರ. ಯಾರ ಮುಂದೂ ಅನ್ನಬ್ಯಾಡ್ರಿ ಮತ್ತ.”

ಮೌಲಾಸಾಬನ ಮನೆಗೆ ಹೋದಾಗ ಶಬಾನಾ ಆಗತಾನೆ ಗಾಡಿ ನಿಲ್ಲಿಸಿ, ಯಾರದೋ ಆಕಳಿನ ಗಾಯಕ್ಕೆಂದು ತಂದ ಮುಲಾಮನ್ನು ಚೀಲದಿಂದ ತೆಗೆಯುತ್ತಿದ್ದಳು. ಪಿಯುಸಿ ಮುಗಿಸಿದ್ದ ಹುಡುಗಿ, ಕಣ್ಣಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಹೆಚ್ಚು. ನನ್ನನ್ನು ಕಂಡದ್ದೇ ಮುಲಾಮನ್ನು ಬೆನ್ನ ಹಿಂದೆ ಅಡಗಿಸಿ, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ನೆಲ ನೋಡುತ್ತ ನಿಂತಳು. ಸಮೀಕ್ಷೆ ಮುಗಿದಿದ್ದರಿಂದ ಷರತ್ತಿನ ಹಂಗು ಇನ್ನಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡು ಎಲ್ಲವನ್ನೂ ಹೇಳಿದೆ. ಹೆಣ್ಣು ನೋಡಲು ಬಂದವರಲ್ಲ, ತರಬೇತಿ ಕೇಂದ್ರಕ್ಕೆ ಊರು ನೋಡಲು ಬಂದವರು, ಈ ಉತ್ತರಗಳಿಂದ ಕೇಂದ್ರ ಕೈತಪ್ಪುವುದರಲ್ಲಿದೆ ಎಂದೆ. ಅವಳ ಮುಖ ಕಪ್ಪಿಟ್ಟಿತು.

“ಅಂದ್ರ ನನ್ನ ಕೈಯಾರ ನಾನ ಕಳಕೊಂಡ್ನೇನ್ರಿ ಅಕ್ಕಾರ? ಹೊಸಾ ಕೆಲಸ ಕಲಿಯೂದು ಇಷ್ಟ ಏನು ಅಂತ ಕೇಳಿದಾಗ ನಾಲಿಗಿ ಕಚ್ಚಕೊಂಡು ಇಲ್ಲ ಅಂದಿದ್ದೆ. ಅಪ್ಪ ಅಲ್ಲೇ ನಿಂತಿದ್ದ. ಮೊದಲ ಒಂದು ಮಾತು ಹೇಳಬಾರದಾಗಿತ್ತೇನ್ರಿ ನಿಮ್ಮವರು?” ಅಳುತ್ತಿದ್ದಳೋ ಸಿಟ್ಟಾಗಿದ್ದಳೋ ಹೇಳುವುದು ಕಷ್ಟ, ಎರಡೂ ಇತ್ತು. ಅಣ್ಣಿಗೇರಿಯಿಂದ ಅವಳಿಗೆ ನಿಜವಾಗಿಯೇ ಒಂದು ಸಂಬಂಧ ಬಂದಿತ್ತು. ಕಲಿಯುವ ದಾರಿ ಇಲ್ಲದಿದ್ದರೆ ಆ ವರ್ಷವೇ ಮದುವೆ. ಇದ್ದರೆ ಮದುವೆ ಆಮೇಲಿನ ಮಾತು ಎಂದು ಅಪ್ಪನಿಂದ ವಚನ ತೆಗೆದುಕೊಂಡಿದ್ದಳಂತೆ. ಅಂದರೆ ಆ ಹುಡುಗಿಯ ಮುಂದಿನ ಬದುಕು ಈಗ ನಮ್ಮ ಸಂಸ್ಥೆಯ ಒಂದು ಕಂಪ್ಯೂಟರಿನಲ್ಲಿ, ನೆಲ ಕಚ್ಚಿದ ಅಂಕವಾಗಿ ಕೂತಿತ್ತು.

ಹಿತ್ತಲಿಗೆ ಹೋಗಿ ನಿರ್ದೇಶಕರಿಗೆ ಫೋನ್ ಹಚ್ಚಿದೆ. ಹೆಣ್ಣು ನೋಡುವ ಕಥೆ ಕೇಳಿ ಅವರು ಮನಸಾರೆ ನಕ್ಕರು. ನಗು ಮುಗಿದ ಮೇಲೆ ಕೇಳಿದ ಪ್ರಶ್ನೆ ಮಾತ್ರ ತಕ್ಕ ಪ್ರಶ್ನೆಯೇ ಆಗಿತ್ತು. “ಸರಿ ಮೇಡಂ. ಮೊದಲು ಬೀಗರಿಗೆ ಬೇಕಾದ ಉತ್ತರ ಕೊಟ್ಟರು. ಈಗ ಕೇಂದ್ರದ ವಿಷಯ ನೀವೇ ಹೇಳಿಬಿಟ್ಟಿದ್ದೀರಿ, ಇನ್ನು ನಮಗೆ ಬೇಕಾದ ಉತ್ತರ ಕೊಡ್ತಾರೆ. ಇದನ್ನು ಮಾತ್ರ ನಂಬಬೇಕು ಅಂದರೆ ಹೇಗೆ? ಹಿಂದಿನ ಕೇಂದ್ರದಲ್ಲೂ ಎಲ್ಲರೂ ಹೂಂ ಅಂದಿದ್ದರು. ಒಬ್ಬರೂ ಮಗಳನ್ನ ಕಳಿಸಲಿಲ್ಲ.” ಅವರ ಮೇಲೆ ಸಿಟ್ಟು ಬಂತು. ಫೋನು ಇಟ್ಟು ಮತ್ತೆ ಅಂಗಳಕ್ಕೆ ಬಂದೆ.

ಅಷ್ಟು ಹೊತ್ತಿಗೆ ಮೌಲಾಸಾಬ ಹೊಲದಿಂದ ಬಂದಿದ್ದ. ಗಟ್ಟಿಮುಟ್ಟಾದ, ಕಡಿಮೆ ಮಾತಿನ ರೈತ. ಮಗಳು ಒಂದೇ ಉಸುರಿಗೆ ಎಲ್ಲ ಹೇಳಿದಳು. ಬೆಂಗಳೂರಿನವರು ಯಾಕೆ ನಂಬುತ್ತಿಲ್ಲ ಎನ್ನುವುದನ್ನು ನಾನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಆತ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

“ಅವರು ಹೇಳೂದು ಖರೇ ಐತ್ರಿ. ನಿಮ್ಮ ಮುಂದ ನಾ ಏನ ಹೇಳಿದ್ರೂ ನನ್ನ ಗಂಟೇನು ಹೋಗ್ತೈತಿ? ಐತ್ವಾರ ಅಣ್ಣಿಗೇರಿಯವರು ಬರ್ತಾರ. ಆ ಬೆಂಗಳೂರ ಸಾಹೇಬ್ರನ್ನೂ ಕರಕೊಂಡು ನೀವೂ ಬರ್ರಿ. ಬೀಗರ ಮುಂದ ಆಡಿದ ಮಾತು ತಿರುಗಿ ನುಂಗಾಕ ಬರಂಗಿಲ್ಲ. ನನಗ ಏನ ಬೇಕು ಅಂತ ಅವತ್ತ ಕೇಳಿಸಿಕೊಳ್ರಿ.”

ಏನು ಹೇಳುತ್ತೀರಿ ಎಂದು ಕೇಳಿದೆ. “ಅದು ನನಗೂ ಇನ್ನಾ ಗೊತ್ತಿಲ್ರಿ” ಎಂದು ಎಮ್ಮೆಗೆ ನೀರು ಕುಡಿಸಲು ಹೋದ.

ನಿರ್ದೇಶಕರನ್ನು ಬೆಂಗಳೂರಿನಿಂದ ಎಬ್ಬಿಸಿ ತರುವುದಕ್ಕೆ ನಾನು ಪಟ್ಟ ಪಾಡು ಬೇರೆಯೇ ಕಥೆ. ನನ್ನ ಫೋನು ಎತ್ತಿ ಎತ್ತಿ ಬೇಸತ್ತು ಬಂದರು ಎಂದರೂ ತಪ್ಪಿಲ್ಲ. ಐತ್ವಾರ ಮುಂಜಾನೆ ಊರು ಮುಟ್ಟಿದಾಗ ಅಣ್ಣಿಗೇರಿಯವರು ಇನ್ನೂ ಬಂದಿರಲಿಲ್ಲ. ಶಾಂತವ್ವ ನಮ್ಮನ್ನು ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡರು. ಆ ಕಟ್ಟೆಗೂ ಮೌಲಾಸಾಬನ ಅಂಗಳಕ್ಕೂ ನಡುವೆ ಒಂದು ಗಿಡ್ಡ ಗೋಡೆ ಮಾತ್ರ. ಕೆಲಹೊತ್ತಿಗೆ ಕಾರೊಂದು ಬಂದು ಗಂಡಿನ ಸೋದರಮಾವ ಮತ್ತು ಅತ್ತೆ ಇಳಿದರು. ಆಕೆ ಕೈಗೆ ತುಂಬ ಬಳೆ ಹಾಕಿದ, ಎಲ್ಲವನ್ನೂ ಕಣ್ಣಿನಲ್ಲೇ ತೂಗುವ ಹೆಂಗಸು. ಪದ್ಧತಿಯಂತೆ ಮೌಲಾಸಾಬನ ಮನೆಯ ಹೊಸ್ತಿಲು ತುಳಿಯುವ ಮೊದಲು ಆಕೆ ಶಾಂತವ್ವನ ಕಟ್ಟೆಗೇ ಬಂದಳು. ನಮ್ಮನ್ನು ಆ ಮನೆಯ ನೆಂಟರೆಂದುಕೊಂಡಿರಬೇಕು.

“ಬಾಜೂದವರು ನೀವು. ಹುಡುಗಿ ಹೆಂಗ್ರಿ? ಶಾಂತ ಸ್ವಭಾವ ಹೌದಲ್ಲೋ?”

ಶಾಂತವ್ವ ಗೋಡೆಯ ಕಡೆ ನೋಡಿದರು. ಗೋಡೆಯ ಆಚೆ ಮೌಲಾಸಾಬ ನಿಂತದ್ದು ನಮಗೆ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಈಗ ಸುಳ್ಳು ಹೇಳಿದರೆ ಸಂಬಂಧ ಉಳಿಯುತ್ತದೆ, ನಿಜ ಹೇಳಿದರೆ ಅದು ಮುರಿದ ಹೊಣೆ ಜಗಳಗಂಟಿ ನೆರೆಯವಳ ತಲೆಗೆ ಬರುತ್ತದೆ. ಶಾಂತವ್ವ ಕತ್ತು ಚಾಚಿ, ಮಾತು ಬಿಟ್ಟ ಅಷ್ಟು ವರ್ಷಗಳ ಮೇಲೆ ಮೊದಲ ಸಲ, ಗೋಡೆಯಾಚೆಗೆ ಕೂಗಿದರು.

“ಮೌಲಾಸಾಬಣ್ಣ, ಹುಡುಗಿ ಹೆಂಗ ಅಂತ ಕೇಳಾಕ ಹತ್ಯಾರ. ಏನ ಹೇಳ್ಲೋ?”

“ಇದ್ದದ್ದು ಇದ್ದಂಗ ಹೇಳಬೇ ಅಕ್ಕಾ.”

“ಇದ್ದಂಗ ಅಂದ್ರ ಕೇಳ್ರಿ. ಹುಡುಗಿ ಬಂಗಾರ. ಆದ್ರ ಶಾಂತ ಗೀಂತ ಏನಿಲ್ಲ. ಗಾಡಿ ಹೊಡೀತಾಳ, ದನಕ್ಕ ಔಷಧಾ ಹಾಕ್ತಾಳ, ತಪ್ಪು ಕಂಡ್ರ ನನಗೂ ಬಿಡಂಗಿಲ್ಲ.”

ಅತ್ತೆಯ ಬಳೆಗಳ ಸದ್ದು ನಿಂತಿತು. ಮೌಲಾಸಾಬ ಗೋಡೆಯ ಹತ್ತಿರ ಬಂದ. ಕೈಮುಗಿದು, ಬಂದವರನ್ನು ಒಳಗೆ ಕರೆಯುವುದಕ್ಕೂ ಮೊದಲೇ ಅಲ್ಲಿಯೇ ನಿಂತು ಹೇಳಿದ.

“ನಿಮ್ಮ ಮನಿತನ ದೊಡ್ಡದು. ಈ ಸಂಬಂಧ ನನಗ ಬೇಕಾಗೇತ್ರಿ, ಸುಳ್ಳ್ಯಾಕ ಹೇಳಲಿ. ಆದ್ರ ನನ್ನ ಮಗಳು ದನದ ದವಾ ಕೊಡೂದು ಕಲಿಯಾಕಿ ಅದಾಳ. ಕಲತ ಮ್ಯಾಲ ಊರೂರಿಗೆ ಒಬ್ಬಾಕಿನ ಹೋಗಾಕಿ. ಲಗ್ನಾದ ಮ್ಯಾಲೂ ಹೋಗಾಕಿ. ಒಲ್ಲಂದ್ರ ಈಗ ಅನ್ರಿ, ನಾ ಬ್ಯಾಸರ ಮಾಡಿಕೊಳ್ಳಂಗಿಲ್ಲ. ಆಕಿ ಹೆಂಗ ಅದಾಳೋ ಹಂಗ ಕೊಡಾಕ ನನ್ನ ಜೀವ ಒಪ್ಪತೈತಿ. ಮುಚ್ಚಿಟ್ಟು ಕೊಡಾಕ ಒಪ್ಪಂಗಿಲ್ಲ.”

ಬಾಗಿಲ ಹಿಂದೆ ಶಬಾನಾ ಇದ್ದಳು. ಅಪ್ಪನ ಮಾತು ಮುಗಿದಾಗ ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡದ್ದು ನನಗೆ ಕಂಡಿತು. ಬಂದವರು ಅಂಗಳದಲ್ಲಿ ಕೂತರು, ನೀರು ಕುಡಿದರು, ಮಳೆ ಬೆಳೆಯ ಮಾತಾಡಿದರು. ಕೊನೆಗೆ ಸೋದರಮಾವ ಎದ್ದು, “ಮನ್ಯಾಗ ಕೇಳಿ ತಿಳಿಸ್ತೀವ್ರಿ” ಎಂದ. ಇದರ ಅರ್ಥವೇನೆಂದು ನಮ್ಮ ಕಡೆಯ ಎಳೆ ಕೂಸಿಗೂ ಗೊತ್ತು. ಕಾರು ಹೋಯಿತು. ಮೌಲಾಸಾಬ ಕಾರಿನ ಧೂಳು ಅಡಗುವ ತನಕ ನೋಡುತ್ತ ನಿಂತು, ಆಮೇಲೆ ತಿರುಗಿ ನಿರ್ದೇಶಕರನ್ನು ಕೇಳಿದ.

“ಆತೇನ್ರಿ ಸಾಹೇಬ್ರ ನಿಮ್ಮ ಪರೀಕ್ಷಾ?”

ನಿರ್ದೇಶಕರು ಎದ್ದು ನಿಂತಿದ್ದರು. ಬಹಳ ಓದಿದವರು, ಯಾವುದಕ್ಕೂ ಒಂದು ಉತ್ತರ ಇಟ್ಟುಕೊಂಡವರು. ಆ ದಿನ ಅವರು ಗಿಡ್ಡ ಗೋಡೆಯ ಮೇಲಿಂದಲೇ ಮೌಲಾಸಾಬನ ಎರಡೂ ಕೈ ಹಿಡಿದುಕೊಂಡು, “ಆಯಿತು. ಕೇಂದ್ರ ಈ ಊರಿಗೇ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಆಗಲಿಲ್ಲ. ಶಬಾನಾ ಹೊರಗೆ ಓಡಿ ಬಂದು ಮೊದಲು ತಬ್ಬಿಕೊಂಡದ್ದು ಶಾಂತವ್ವನನ್ನು. ಶಾಂತವ್ವ, “ಬಿಡಬೇ ನನ್ನ, ಸೀರಿ ಮುದ್ದಿ ಆಕ್ಕೈತಿ” ಎಂದು ಬೈಯುತ್ತ ಅವಳ ತಲೆ ಸವರಿದರು.

ಆ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮರುದಿನದಿಂದಲೇ ಒಬ್ಬೊಬ್ಬರಾಗಿ ತಂದೆ ತಾಯಂದಿರು ಫೋನ್ ಮಾಡತೊಡಗಿದರು. ‘ನಮ್ಮ ಹುಡುಗಿನೂ ಶಾಂತ ಇಲ್ರಿ, ಮತ್ತೊಮ್ಮೆ ಬಂದು ಕೇಳ್ರಿ’ ಎಂದು ಒಬ್ಬ ತಾಯಿ ಹೇಳಿದ್ದನ್ನು ಸವಿತಾ ಈಗಲೂ ಆಡಿ ತೋರಿಸುತ್ತಾಳೆ. ಆಡಳಿತ ಮಂಡಳಿಯ ಮುಂದೆ ನಿರ್ದೇಶಕರೇ ನಿಂತು ವಾದಿಸಿದರು. ಮಳೆಗಾಲ ಮುಗಿಯುವುದರೊಳಗೆ ಹಳೆಯ ಹತ್ತಿ ಗೋದಾಮೊಂದನ್ನು ತೊಳೆದು ಬಣ್ಣ ಬಳಿದು ಕೇಂದ್ರ ಆರಂಭವಾಯಿತು. ಮೊದಲ ದಿನ ನಾನೂ ಹೋಗಿದ್ದೆ. ಬೇರೆ ಬೇರೆ ಓಣಿಗಳಿಂದ ಹುಡುಗಿಯರು ಬಂದು ಬೆಂಚು ತುಂಬಿದ್ದು ನೋಡಿ, ವೃತ್ತಿಯಲ್ಲಿ ನಾನು ಪಟ್ಟ ಸಂತೋಷಗಳಲ್ಲಿ ಇದಕ್ಕೆ ಮೊದಲ ಸ್ಥಾನ ಎಂದುಕೊಂಡೆ. ಈಗಲೂ ಹಾಗೆಯೇ ಅನ್ನಿಸುತ್ತದೆ.

ಮೌಲ್ಯಗಳ ಮೇಲೆ ಸಮಾಜ ವಿಜ್ಞಾನದಲ್ಲಿ ಬೇಕಾದಷ್ಟು ವ್ಯಾಖ್ಯೆಗಳಿವೆ. ನಾನೂ ಅನೇಕವನ್ನು ಓದಿದ್ದೇನೆ, ಪಾಠ ಮಾಡಿದ್ದೇನೆ, ಯಾವುದನ್ನೂ ತಳ್ಳಿಹಾಕುವುದಿಲ್ಲ. ಆದರೆ ಆ ಊರು ನನಗೆ ಕೆಲಸದ ಎರಡು ಮಾತು ಕಲಿಸಿತು. ಜನರನ್ನು ಏನಾದರೂ ಕೇಳುವ ಮೊದಲು ಅವರು ನಮ್ಮನ್ನು ಯಾರೆಂದುಕೊಂಡಿದ್ದಾರೆ ಎಂದು ತಿಳಿದುಕೊಳ್ಳಬೇಕು, ಯಾಕೆಂದರೆ ಉತ್ತರ ಹುಟ್ಟುವುದು ನಮ್ಮ ಪ್ರಶ್ನೆಯಿಂದಲ್ಲ, ಅವರ ಆ ತಿಳುವಳಿಕೆಯಿಂದ. ಇನ್ನೊಂದು, ಎರಡು ಒಳ್ಳೆಯವು ಒಂದಕ್ಕೊಂದು ಅಡ್ಡ ಬಂದು, ಒಂದನ್ನು ಬಿಡಲೇಬೇಕಾದಾಗ ಮನುಷ್ಯ ಯಾವುದನ್ನು ಹಿಡಿಯುತ್ತಾನೋ ಅದು ಅವನ ಮೌಲ್ಯ. ಉಳಿದದ್ದೆಲ್ಲ ಬಂದವರಿಗೆ ಕೊಡುವ ಅವಲಕ್ಕಿ. ಅರ್ಥಶಾಸ್ತ್ರ ವಿಭಾಗದ ಗೆಳತಿಯರಿಗೆ ಇದನ್ನು ನಾನೇ ಹೋಗಿ ಹೇಳಿದೆ. ಅವರು ಈಗಲೂ ಅದನ್ನೇ ಎತ್ತಿ ನನ್ನನ್ನು ಕಾಡಿಸುತ್ತಾರೆ.

ಹೋದ ಸುಗ್ಗಿಯಲ್ಲಿ ಶಬಾನಾ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ತನ್ನದೇ ಸ್ಕೂಟರ್, ಹಿಂದೆ ಲಸಿಕೆಯ ಡಬ್ಬಿ, ಮುಂದೆ ನನಗಾಗಿ ಹಸಿ ಕಡಲೆ ಗಿಡದ ಕಟ್ಟು. ಈಗ ಸುತ್ತಲಿನ ಹಳ್ಳಿಗಳಲ್ಲಿ ಅವಳ ಹೆಸರು ಹೇಳಿದರೆ ದಾರಿ ತೋರಿಸುತ್ತಾರೆ. ಮತ್ತೊಂದು ಸಂಬಂಧ ಬಂದಿದೆ, ನಿನ್ನೆ ಒಪ್ಪಿಗೆ ಹೇಳಿದೆ ಎಂದಳು. ಗಂಡಿನ ಕಡೆಯವರು ಈ ಸಲ ಯಾರನ್ನು ವಿಚಾರಿಸಿದರು ಎಂದು ನಕ್ಕು ಕೇಳಿದೆ.

“ಅವರಲ್ಲರಿ ಅಕ್ಕಾರ, ಈ ಸಲ ವಿಚಾರಣಿ ನಾ ಮಾಡಿದ್ನಿ. ಲಸಿಕಿ ಹಾಕಾಕ ಅವರೂರಿಗೆ ಹೋಗಿದ್ದೆ. ಬಾಜೂ ಮನ್ಯಾಕಿನ್ನ ಕೇಳಿದೆ, ಹುಡುಗ ಹೆಂಗಂತ.”

“ಏನಂದಳು?”

“ಅಗದಿ ದೇವರಂಥಾ ಹುಡುಗ ಅಂದ್ಲು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮತ್ತೆ ಹೇಗೆ ಒಪ್ಪಿದೆ ಎಂದು ಕೇಳಿದೆ.

“ಆಕಿ ಮಾತು ಅಲ್ಲೇ ಬಿಟ್ನಿರಿ. ಅವನನ್ನ ಕರದು, ಬಾ, ಈ ಎಮ್ಮಿ ಹಿಡಕೊಂಡು ನಿಂದ್ರು ಅಂದೆ. ಊರವರೆಲ್ಲಾ ನಗಾಕತ್ತಿದ್ರು, ಮೈತುಂಬಾ ಸಗಣಿ ಸಿಡೀತು. ಕೈ ಬಿಡಲಿಲ್ಲರಿ.”